ಬರೆದವಳನ್ನು ಮನೆಯಲ್ಲಿ ಬಿಟ್ಟು ಸೆಟ್ಟಿಗೆ ಹೋಗುವುದು ಹೇಗೆ

ನನ್ನ ಚಿತ್ರಕಥೆಯ 14ನೇ ಸೀನ್ ಹೀಗೆ ಶುರುವಾಗುತ್ತಿತ್ತು: ‘ರಾತ್ರಿ. ಬಚ್ಚಲುಮನೆ. ಹೊರಗೆ ಮಳೆ ಹಿಡಿದಿದೆ.’ ರಾಜಾಜಿನಗರದ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಬರೆದ ಸಾಲು. ಬರೆಯಲು ಹತ್ತು ಸೆಕೆಂಡ್ ಹಿಡಿದಿರಬಹುದು. ಎಂಟು ತಿಂಗಳು ಕಳೆದು, ಜನವರಿಯಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಅದೇ ಸಾಲು ಹಿಡಿದುಕೊಂಡು ನಿಂತಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಮಳೆ ಬೇಕೆಂದರೆ ಟ್ಯಾಂಕರ್ ಬೇಕು, ಮೋಟರ್ ಬೇಕು, ಪೈಪು ಬೇಕು, ನೆಂದ ನಟರಿಗೆ ಅದೇ ಬಟ್ಟೆ ಇನ್ನೊಂದು ಜೊತೆ ಬೇಕು. ಕ್ಯಾಮೆರಾಮನ್ ಪೇಪರ್ ನೋಡಿ, ‘ಮೇಡಂ, ಈ ಮಳೆ ಯಾರು ಬರೆದದ್ದು?’ ಎಂದ.

ಬೈಯೋಣ ಅಂದರೆ ಬರೆದವಳು ನಾನೇ.

ಒಂಬತ್ತು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದಿದ್ದೇನೆ. ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆಮೇಲೆ ಮಳೆಯಾದರೂ ಬರಲಿ, ಮದುವೆ ಮಂಟಪವಾದರೂ ಬೀಳಲಿ, ಒದ್ದಾಡುವವರು ಬೇರೆ. ನನ್ನದೇ ಚಿತ್ರಕಥೆಯನ್ನು ನಾನೇ ನಿರ್ದೇಶಿಸಲು ಹೊರಟಾಗ ಗೊತ್ತಾಯಿತು, ಬರೆಯುವವಳಿಗೂ ನಿರ್ದೇಶಕಿಗೂ ಒಂದೇ ಮನೆಯಲ್ಲಿ ಸಂಸಾರ ಕಷ್ಟ ಅಂತ. ಸಿನಿಮಾ 23 ನಿಮಿಷದ್ದು. ಅಮ್ಮ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಎಲ್ಲ ಹಂಚಿದ ಮೇಲೆ ಒಂದು ತಾಮ್ರದ ಹಂಡೆ ಉಳಿಯುತ್ತದೆ. ಕಥೆ ಅಷ್ಟೇ. ನಾಲ್ಕು ದಿನದ ಶೂಟಿಂಗ್, 14 ಜನರ ಯುನಿಟ್. ನೀವೂ ಇಂಥದ್ದಕ್ಕೆ ಕೈಹಾಕುವವರಾದರೆ, ನಾನು ಮಾಡಿದ್ದು, ಕೆಡಿಸಿದ್ದು ಎರಡನ್ನೂ ಹೇಳುತ್ತೇನೆ. ಬೇಕಾದ್ದು ತಗೊಳ್ಳಿ.

ಮೊದಲು ಬೇರೆಯವರ ಬಾಯಲ್ಲಿ ಕೇಳಿ

ಬರೆದು ಮುಗಿಸಿದ ಪ್ರತಿಯನ್ನು ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ನಾಲ್ಕೈದು ಜನರನ್ನು ಮನೆಗೆ ಕರೆದು ಓದಿಸಿ. ಮಾತುಗಳನ್ನು ಮಾತ್ರ ಅಲ್ಲ, ‘ಅವನು ಎದ್ದು ಕಿಟಕಿ ಬಳಿ ಹೋಗುತ್ತಾನೆ’ ಅನ್ನುವಂಥ ಆಕ್ಷನ್ ಸಾಲುಗಳನ್ನೂ ಒಬ್ಬರು ಜೋರಾಗಿ ಓದಬೇಕು. ಆ ಒಬ್ಬರು ನೀವಾಗಿರಬಾರದು. ನೀವು ಓದಿದರೆ ಇಲ್ಲದ ಭಾವವನ್ನೆಲ್ಲ ದನಿಯಲ್ಲೇ ತುಂಬಿಬಿಡುತ್ತೀರಿ. ಮೂಲೆಯಲ್ಲಿ ಕೂತು, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ, ಬಾಯಿ ಮುಚ್ಚಿಕೊಂಡು ಕೇಳಿ.

ಸ್ಟಾಪ್‌ವಾಚ್ ಯಾಕೆ ಅಂದರೆ, ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅದು ಅಮೆರಿಕದವರು ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಅಚ್ಚಿನಲ್ಲಿ ಟೈಪ್ ಮಾಡುವ ಪುಟದ ಲೆಕ್ಕ. ನಾನು ಬರೆಯುವುದು ಎಡಗಡೆ ಆಕ್ಷನ್, ಬಲಗಡೆ ಮಾತು ಅಂತ ಪುಟವನ್ನು ಎರಡು ಭಾಗ ಮಾಡಿಕೊಂಡು. ಅದಕ್ಕೆ ಆ ಲೆಕ್ಕ ಕೂಡಿಬರುವುದಿಲ್ಲ. ನನ್ನ 31 ಪುಟ ಓದಿದಾಗ 38 ನಿಮಿಷ ಬಂತು. ನನ್ನ ಹತ್ತಿರ ಇದ್ದದ್ದು 25 ನಿಮಿಷದ ಸಿನಿಮಾಗೆ ಆಗುವಷ್ಟು ದುಡ್ಡು.

ಓದುವಾಗ ಎಲ್ಲಿ ಜನ ಮೊಬೈಲ್ ನೋಡಿದರು, ಎಲ್ಲಿ ನೀರು ಕುಡಿಯಲು ಎದ್ದರು ಅಂತ ಗುರುತು ಹಾಕಿಕೊಳ್ಳಿ. ‘ಹೇಗಿತ್ತು?’ ಅಂತ ಕೇಳಬೇಡಿ. ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ, ಉಪ್ಪಿಟ್ಟು ತಿಂದಿರುತ್ತಾರಲ್ಲ.

ಬಣ್ಣದ ಪೆನ್ನು, ಆಮೇಲೆ ಕತ್ತರಿ

ಇನ್ನು ಚಿತ್ರಕಥೆಯನ್ನು ಬೇರೆ ಯಾರೋ ಕೊಟ್ಟ ಕೆಲಸ ಅಂದುಕೊಂಡು ಒಡೆಯಬೇಕು. ಪ್ರತಿ ಸೀನ್‌ನಲ್ಲೂ ಪಾತ್ರಗಳಿಗೆ ಒಂದು ಬಣ್ಣ, ಪ್ರಾಪರ್ಟಿಗೆ (ಅಂದರೆ ಸೀನ್‌ನಲ್ಲಿ ಬಳಸುವ ಸಾಮಾನಿಗೆ) ಒಂದು, ಬಟ್ಟೆಗೆ ಒಂದು, ಪ್ರಾಣಿ, ವಾಹನ, ಮಳೆ, ಬೆಂಕಿ ಇಂಥ ತಲೆನೋವಿನದ್ದಕ್ಕೆಲ್ಲ ಕೆಂಪು. ನನ್ನ ಪ್ರತಿಯಲ್ಲಿ ಕೆಂಪು ಎಷ್ಟಿತ್ತೆಂದರೆ, ಪರೀಕ್ಷೆಯಲ್ಲಿ ಫೇಲಾದವರ ಉತ್ತರಪತ್ರಿಕೆ ಥರ ಕಾಣುತ್ತಿತ್ತು.

ಕೆಂಪು ಸಾಲು ಒಂದೊಂದನ್ನೂ ಹಿಡಿದು ‘ಇದು ಯಾಕೆ ಬೇಕು?’ ಅಂತ ಕೇಳಿಕೊಳ್ಳಿ. ಎರಡು ಉದಾಹರಣೆ ಕೊಡುತ್ತೇನೆ.

3ನೇ ಸೀನ್‌ನಲ್ಲಿ ಕೊಟ್ಟಿಗೆ ಇತ್ತು, ಅದರಲ್ಲಿ ಹಸು. ಹಳ್ಳಿಮನೆ ಅಂದಮೇಲೆ ಹಸು ಇರಬೇಕಲ್ವಾ ಅಂತ ಬರೆದಿದ್ದೆ. ಆದರೆ ಸಿನಿಮಾದಲ್ಲಿ ಪ್ರಾಣಿಯನ್ನು ಬಳಸಬೇಕಾದರೆ 2001ರ ನಿಯಮದ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯಿಂದ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ಮಂಡಳಿಯ ಕಚೇರಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಸೆನ್ಸಾರ್‌ಗೆ ಹೋದಾಗ ಆ ಪತ್ರ ಕೇಳುತ್ತಾರೆ. ಹಸುವೇ ಕಥೆಯಾಗಿದ್ದರೆ ಖಂಡಿತ ಅರ್ಜಿ ಹಾಕುತ್ತಿದ್ದೆ. ನನ್ನ ಹಸು ಸುಮ್ನೆ ನಿಂತಿರಲು ಬಂದಿತ್ತು. ಹಾಗಾಗಿ ಅದರ ಕೊರಳಿನ ಗಂಟೆ ಮಾತ್ರ ಉಳಿಸಿಕೊಂಡೆ. ತಮ್ಮ ಜಗಲಿಯಲ್ಲಿ ಕೂತಿರುವಾಗ ಪಕ್ಕದಿಂದ ಆಗಾಗ ಗಂಟೆ ಸದ್ದು. ಸಿನಿಮಾ ನೋಡಿದ ನಮ್ಮ ಚಿಕ್ಕಮ್ಮ, ‘ಹಸುನ ಯಾರ ಪಾಲಿಗೆ ಹಾಕಿದ್ರಿ?’ ಅಂತ ಕೇಳಿದರು. ಇಲ್ಲದ ಹಸು ಅದು.

ಎರಡನೆಯದು ಅಣ್ಣನ ಬೀಡಿ. ತಂಬಾಕು ತೆರೆ ಮೇಲೆ ಬಂದರೆ, ಚಿತ್ರಮಂದಿರದಲ್ಲಿ ತೋರಿಸುವ ಸಿನಿಮಾಗಳಿಗೆ 2012ರಿಂದ ನಿಯಮ ಇದೆ. ಶುರುವಿನಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ, ಜೊತೆಗೆ 20 ಸೆಕೆಂಡಿನ ಹೇಳಿಕೆ, ಬೀಡಿ ಕಾಣುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಅಕ್ಷರ. ಕೂಡಿಸಿದರೆ 100 ಸೆಕೆಂಡ್. 23 ನಿಮಿಷದ ಸಿನಿಮಾಗೆ ಅದು ಜಾಸ್ತಿಯಾಯಿತು. ಅಣ್ಣ ಬೀಡಿ ಬಿಟ್ಟು ಎಲೆ ಅಡಿಕೆ ಹಿಡಿದ, ಹೊಗೆಸೊಪ್ಪು ಇಲ್ಲದೆ. ಇದರಿಂದ ಲಾಭವೇ ಆಯಿತು. ಎಲೆಯ ತೊಟ್ಟು ಮುರಿಯೋದು, ನಾರು ತೆಗೆಯೋದು, ಸುಣ್ಣ ಹಚ್ಚೋದು, ಮಡಿಸೋದು ಅಂದರೆ ಒಂದು ನಿಮಿಷದ ಕೈಕೆಲಸ. ಮಾತಾಡಲು ಇಷ್ಟವಿಲ್ಲದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ನಾಲ್ಕು ಮಾತು ತೆಗೆದುಹಾಕಿದೆ.

ಮಳೆಗೂ ಕೊನೆಗೆ ದಾರಿ ಸಿಕ್ಕಿತು. ಮುಂದೆ ಹೇಳುತ್ತೇನೆ.

ಜಾಗ ನೋಡಿ ಬಂದು ಮತ್ತೆ ಬರೆಯಿರಿ

ಇದನ್ನು ಮೊದಲೇ ಮಾಡದೆ ನಾನು ಕೆಟ್ಟೆ. ಲೊಕೇಶನ್ ನೋಡಲು ಹೋದಾಗ ಮನೆಯ ಅಂದ ನೋಡಿ ಮರುಳಾದೆ. ಅಂಗಳ, ಕಂಬ, ಒಣಗಲು ಹಾಕಿದ ಅಡಿಕೆ. ಫೋಟೊ ತೆಗೆದೆ, ಬಂದೆ. ಬಚ್ಚಲುಮನೆಯ ಬಾಗಿಲು ತೆಗೆದು ನೋಡಲೇ ಇಲ್ಲ. ಶೂಟಿಂಗ್‌ಗೆ ಹೋದಾಗ ಅಳೆದರೆ ಆರು ಅಡಿಗೆ ಎಂಟು ಅಡಿ. ಅದರಲ್ಲಿ ಒಲೆ, ಹಂಡೆ, ಸೌದೆ, ಇಬ್ಬರು ನಟರು. ಕ್ಯಾಮೆರಾ ಎಲ್ಲಿಡಲಿ? ಲೈಟು ಎಲ್ಲಿ? ನಾನು ಆ ಸೀನ್‌ಗೆ ಐದು ಶಾಟ್ ಬರೆದುಕೊಂಡಿದ್ದೆ. ಅಣ್ಣನ ಕಡೆಯಿಂದ ಒಂದು ಸಜೆಷನ್ (ಒಬ್ಬರ ಹೆಗಲ ಹಿಂದಿನಿಂದ ಎದುರಿನವರನ್ನು ತೋರಿಸುವ ಶಾಟ್), ತಮ್ಮನ ಕಡೆಯಿಂದ ಒಂದು, ಹೀಗೆ. ಗೋಡೆ ಒಡೆದರೆ ಮಾತ್ರ ಸಾಧ್ಯ.

ನೀವು ಹೋಗುವಾಗ ಟೇಪ್ ತಗೊಂಡು ಹೋಗಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಅಲ್ಲೇ ಇದ್ದು ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ನೋಡಿ. ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಮನೆಯವರನ್ನೇ ಕೇಳಿ. ಮುಖ್ಯವಾಗಿ, ಕಣ್ಣು ಮುಚ್ಚಿ ಹತ್ತು ನಿಮಿಷ ಕೂತು ಕೇಳಿ. ಸಿಂಕ್ ಸೌಂಡ್ ಮಾಡುವವರಾದರೆ, ಅಂದರೆ ಡಬ್ಬಿಂಗ್ ಬಿಟ್ಟು ಶೂಟಿಂಗ್ ಹೊತ್ತಿನಲ್ಲೇ ಮಾತು ರೆಕಾರ್ಡ್ ಮಾಡುವವರಾದರೆ, ಇದು ತೀರಾ ಅಗತ್ಯ. ನಮ್ಮ ಲೊಕೇಶನ್‌ನಲ್ಲಿ ಹೊತ್ತು ಮುಳುಗುತ್ತಿದ್ದ ಹಾಗೆ ಜೀರುಂಡೆಗಳು ಶುರು. ಅರ್ಧ ಸೀನ್ ಆರು ಗಂಟೆಗೆ, ಅರ್ಧ ಏಳಕ್ಕೆ ತೆಗೆದರೆ ಎಡಿಟಿಂಗ್‌ನಲ್ಲಿ ಒಂದು ಕಟ್‌ಗೆ ಜೀರುಂಡೆ ಇರುತ್ತದೆ, ಮುಂದಿನ ಕಟ್‌ಗೆ ಇರಲ್ಲ. ನಮಗೆ ಇದು ಮೊದಲ ದಿನವೇ ಆಯಿತು. ಆಮೇಲೆ ಪ್ರತಿ ಸೀನ್ ಮುಗಿದ ಮೇಲೂ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಮಾತಿಲ್ಲದೆ 30 ಸೆಕೆಂಡ್ ಬರೀ ಆ ಜಾಗದ ಸದ್ದನ್ನು ರೆಕಾರ್ಡ್ ಮಾಡಿಕೊಂಡೆವು. ಕಟ್‌ಗಳ ಮಧ್ಯದ ತೇಪೆಗೆ ಅದೇ ಬಟ್ಟೆ.

ಜಾಗ ನೋಡಿ ಬಂದ ಮೇಲೆ ಸೀನ್‌ಗಳನ್ನು ಆ ಜಾಗಕ್ಕೆ ತಿದ್ದಿ ಬರೆಯಿರಿ. ‘ಕಿಟಕಿ ಬಳಿ ಹೋಗುತ್ತಾನೆ’ ಅಂದಿದ್ದರೆ ಯಾವ ಕಿಟಕಿ, ಅಲ್ಲಿಂದ ಏನು ಕಾಣುತ್ತದೆ, ಹೋಗಲು ಎಷ್ಟು ಹೆಜ್ಜೆ.

ಕಾಗದ ಪತ್ರ

ಬೇಜಾರಿನ ವಿಷಯ, ಬೇಗ ಮುಗಿಸುತ್ತೇನೆ. ಚಿತ್ರಕಥೆಯನ್ನು ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯಾಗಿ ನೋಂದಾಯಿಸಲು 500 ರೂಪಾಯಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಅರ್ಜಿ ಹಾಕಿದ ಮೇಲೆ ಯಾರದಾದರೂ ಆಕ್ಷೇಪಣೆ ಇದೆಯೇ ಅಂತ 30 ದಿನ ಕಾಯುತ್ತಾರೆ. ‘ನನ್ನದೇ ಕಥೆ, ನನ್ನದೇ ಸಿನಿಮಾ, ನನಗ್ಯಾಕೆ?’ ಅನ್ನಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ಬೇರೆಯವರ ದುಡ್ಡಿನಲ್ಲಿ ಮಾಡಿದರೆ ಸಿನಿಮಾ ಅವರದು. ನಿಮ್ಮದಾಗಿ ಉಳಿಯುವುದು ಚಿತ್ರಕಥೆ, ಅದೂ ನೀವು ಬರೆದುಕೊಡದೆ ಇದ್ದರೆ. ಸಹಿ ಹಾಕುವ ಮುಂಚೆ ಆ ಒಂದು ಸಾಲನ್ನಾದರೂ ಕನ್ನಡಕ ಹಾಕಿಕೊಂಡು ಓದಿ.

ನಟರಿಗೆ ಕಥೆ ಹೇಳಬೇಡಿ, ಕೆಲಸ ಹೇಳಿ

ಅಣ್ಣನ ಪಾತ್ರ ಮಾಡಿದವರು ಸಾಗರದ ಕಡೆಯವರೇ, ಅರವತ್ತು ದಾಟಿದ ರಂಗಭೂಮಿ ನಟ. ನನ್ನನ್ನು ‘ಮಾರಾಯ್ತಿ’ ಅಂತಲೇ ಕರೆಯುತ್ತಿದ್ದರು. ನಾಟಕದಲ್ಲಿ ಕೊನೇ ಸಾಲಿಗೆ ಕೇಳುವಂತೆ ಮಾತಾಡಿ ಅಭ್ಯಾಸ. ಕ್ಯಾಮೆರಾ ಇರುವುದು ನಾಲ್ಕು ಅಡಿ ದೂರದಲ್ಲಿ. ‘ಕಮ್ಮಿ ಮಾಡಿ’ ಅಂದರೆ ದನಿ ಇಳಿಯುತ್ತಿತ್ತು, ಹುಬ್ಬು ಇಳಿಯುತ್ತಿರಲಿಲ್ಲ.

ಬರೆದವರು ನಿರ್ದೇಶಕರಾದಾಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಪಾತ್ರದ ಬಗ್ಗೆ ಹೇಳಿದೆ. ಅವನ ಬಾಲ್ಯ, ಅಮ್ಮನ ಮೇಲಿನ ಸಿಟ್ಟು, ತಮ್ಮ ಊರು ಬಿಟ್ಟುಹೋದ ನೋವು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅದೆಲ್ಲ ಸರಿ ಮಾರಾಯ್ತಿ, ಬಚ್ಚಲಿಗೆ ನಾನು ಎಂತಕ್ಕೆ ಬಂದದ್ದು?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಮಾತಾಡಲು ಬಂದದ್ದು ಅಂತ ಬರೆದಿದ್ದೆ. ಯಾರಾದರೂ ಅಷ್ಟು ರಾತ್ರಿಯಲ್ಲಿ ಮಾತಾಡಲು ಬಚ್ಚಲಿಗೆ ಬರುತ್ತಾರಾ?

ಪೇಪರ್ ಮೇಲೆ ಇದ್ದದ್ದು ಹೀಗೆ:

ಅಣ್ಣ: ಇನ್ನೂ ಮಲಗಿಲ್ವಾ?
ತಮ್ಮ: ನಿದ್ದೆ ಬರ್ತಿಲ್ಲ.
ಅಣ್ಣ: ನಾಳೆ ಹತ್ತು ಗಂಟೆಗೆ ಅವರೆಲ್ಲ ಬರ್ತಾರೆ.
ತಮ್ಮ: ಗೊತ್ತು.
ಅಣ್ಣ: ಈ ಹಂಡೆ ನೀನೇ ಇಟ್ಕೋ. ಅಮ್ಮ ನಮ್ಮಿಬ್ಬರಿಗೂ ಇದರಲ್ಲೇ ನೀರು ಕಾಯಿಸಿದ್ದು.
ತಮ್ಮ: ನನಗೆ ಹಂಡೆ ಬೇಡ ಅಣ್ಣಯ್ಯ. ನೀನು ಬೇಕು.

ಈಗ ಓದಿದರೆ ನಾಚಿಕೆಯಾಗುತ್ತದೆ. ಒಂಬತ್ತು ವರ್ಷದ ಧಾರಾವಾಹಿ ಕೊನೇ ಸಾಲಿನಲ್ಲಿ ಬಂದು ಕೂತಿದೆ, ಹಿಂದೆ ವಯಲಿನ್ ಕೇಳಿಸುತ್ತದೆ. ಆದರೆ ಆ ರಾತ್ರಿ ಅದು ನನ್ನ ಅತ್ಯಂತ ಪ್ರೀತಿಯ ಸಾಲು. ಆರು ಟೇಕ್ ಆಯಿತು. ತಮ್ಮನ ಪಾತ್ರದ ಹುಡುಗ ಪಾಪ ಕಣ್ಣಲ್ಲಿ ನೀರು ತರಿಸಿಕೊಂಡು ಹೇಳಿದ. ಪ್ರತಿ ಸಲವೂ ಸುಳ್ಳಾಗಿ ಕೇಳಿಸಿತು. ನನ್ನೊಳಗಿನ ಬರೆದವಳು, ‘ಸಾಲು ಸರಿಯಾಗಿಯೇ ಇದೆ, ಹೇಳುವುದು ಸರಿಯಿಲ್ಲ’ ಅಂತ ವಾದ ಮಾಡುತ್ತಿದ್ದಳು. ನಿಮಗೂ ಹೀಗೆ ಅನಿಸಿದರೆ ಆರು ಟೇಕ್‌ವರೆಗೆ ಕಾಯಬೇಡಿ. ಮೂರನೇ ಟೇಕ್‌ಗೂ ಕೂಡದಿದ್ದರೆ ನಟನನ್ನು ಬಿಡಿ, ಪೇಪರ್ ನೋಡಿ.

ಏಳನೇ ಟೇಕ್‌ಗೆ ಮುಂಚೆ ಎಲ್ಲರಿಗೂ ಟೀ ಬ್ರೇಕ್ ಕೊಟ್ಟೆ. ಹಿರಿಯರಿಗೆ ಹೇಳಿದ್ದು ಇಷ್ಟೇ: ‘ನೀರು ಕಾದಿದೆಯಾ ಅಂತ ನೋಡಲು ಬಂದಿದ್ದೀರಿ. ನೋಡಿ, ಹೇಳಿ, ಹೋಗಿ.’ ಹುಡುಗನಿಗೆ: ‘ಬೆಂಕಿ ಆರದ ಹಾಗೆ ನೋಡಿಕೋ.’

ಅವರು ಬಂದರು. ಹಂಡೆಯ ನೀರಿನಲ್ಲಿ ಎರಡು ಬೆರಳು ಅದ್ದಿದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಬೆರಳನ್ನು ಪಂಚೆಗೆ ಒರೆಸಿಕೊಂಡು, ‘ಕಾದಿದೆ. ಸ್ನಾನ ಮಾಡಿ ಮಲಗು’ ಅಂದು ಹೊರಟರು. ಹುಡುಗ ಮಾತಾಡಲಿಲ್ಲ. ಸೌದೆಯನ್ನು ಒಳಗೆ ನೂಕಿದ. ಕಿಡಿ ಹಾರಿತು. ‘ಕಟ್’ ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ಮೂರರವರೆಗೆ ಎಣಿಸಿದೆ. ಮೂರಾಗುವ ಹೊತ್ತಿಗೆ ಅಣ್ಣ ಹಾದುಹೋದ ಬಾಗಿಲನ್ನು ಹುಡುಗ ಒಮ್ಮೆ ತಿರುಗಿ ನೋಡಿದ. ಅದನ್ನು ನಾನು ಬರೆದಿರಲಿಲ್ಲ, ಹೇಳಿಯೂ ಇರಲಿಲ್ಲ. ಅದಕ್ಕೇ ಹೇಳುವುದು, ಆಕ್ಷನ್ ಮುಗಿದ ಮೇಲೂ ಮೂರು ಎಣಿಸದೆ ಕಟ್ ಹೇಳಬೇಡಿ.

ಕ್ಯಾಮೆರಾ ಬಾಗಿಲ ಹೊರಗೆ, ಮಣೆ ಎತ್ತರಕ್ಕೆ. ಐದು ಶಾಟ್ ಇದ್ದದ್ದು ಎರಡಾಯಿತು: ಈ ಪೂರ್ತಿ ಸೀನ್ ಒಂದು, ನೀರಿನಲ್ಲಿ ಬೆರಳು ಇನ್ನೊಂದು. ಜಾಗ ಇದ್ದಿದ್ದರೆ ಐದೂ ತೆಗೆದು ಕೆಡಿಸುತ್ತಿದ್ದೆ.

ಇನ್ನು ಮಳೆ. ಮಳೆ ಕ್ಯಾಮೆರಾಗೆ ಸುಲಭಕ್ಕೆ ಕಾಣುವುದಿಲ್ಲ. ಹಿಂದಿನಿಂದ ಲೈಟ್ ಬಿದ್ದರೆ ಮಾತ್ರ ಹನಿ ಹೊಳೆಯುತ್ತದೆ, ಮುಂದಿನಿಂದ ಬಿದ್ದರೆ ಮಾಯ. ನಮ್ಮ ಲೈಟ್ ಬಾಯ್ ಇದನ್ನು ನನಗಿಂತ ಚೆನ್ನಾಗಿ ಬಲ್ಲ. ‘ಮಳೆ ಬೇಡ ಮೇಡಂ, ಸೂರು ಸೋರಿದ್ರೆ ಸಾಕಲ್ವಾ?’ ಎಂದ. ಒಬ್ಬ ಏಣಿ ಹತ್ತಿ ತೋಟದ ಪೈಪಿನಿಂದ ಹಂಚಿನ ಮೇಲೆ ನೀರು ಬಿಟ್ಟ. ಹನಿಗಳ ಹಿಂದಿನಿಂದ ಬೀಳುವ ಹಾಗೆ ಒಂದೇ ಲೈಟು. ಬಾಗಿಲ ಮುಂದೆ ಸೂರಿನಿಂದ ಹನಿ ಸಾಲು. ಮಳೆ ಸದ್ದು ಆಮೇಲೆ ಸೇರಿಸಿದೆವು. ಟ್ಯಾಂಕರ್ ಕರೆಸುವ ಪ್ರಶ್ನೆಯೇ ಬರಲಿಲ್ಲ.

ಹಂಡೆ ತೊಳೆದ ಕಥೆ

ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರುವಂತೆ ನೋಡಿಕೊಳ್ಳುವುದು. ಅದರ ಬಗ್ಗೆ ಚಿತ್ರಕಥೆ ಬರೆದವರಿಗೆ ಒಂದು ಭ್ರಮೆ ಇರುತ್ತದೆ: ಎಲ್ಲ ನನ್ನ ತಲೆಯಲ್ಲಿದೆ. ಇರಲ್ಲ. ತಲೆಯಲ್ಲಿರುವುದು ಕಥೆಯ ಅನುಕ್ರಮ. ಶೂಟಿಂಗ್ ಆ ಅನುಕ್ರಮದಲ್ಲಿ ನಡೆಯುವುದಿಲ್ಲ. ನಾವು ಮೊದಲ ದಿನ ಬೆಳಿಗ್ಗೆ ತೆಗೆದದ್ದು 2, 9, 17ನೇ ಸೀನ್. ಮೂರೂ ಅಂಗಳದವು, ಮೂರಕ್ಕೂ ಬೆಳಗಿನ ಬಿಸಿಲು ಬೇಕಿತ್ತು. ಅಂದಹಾಗೆ ಮೊದಲ ದಿನಕ್ಕೆ ನಡೆಯೋದು, ಬಾಗಿಲು ತೆಗೆಯೋದು ಇಂಥ ಸುಲಭದ್ದನ್ನೇ ಇಡಿ. ಯುನಿಟ್ ಒಬ್ಬರಿಗೊಬ್ಬರು ಹೊಂದಿಕೊಳ್ಳಲು ಒಂದು ದಿನ ಬೇಕು. ದೊಡ್ಡ ಸೀನ್ ಮೂರನೇ ದಿನಕ್ಕಿರಲಿ. ನಾಲ್ಕನೇ ದಿನಕ್ಕಿಟ್ಟರೆ ಕೆಟ್ಟರೆ ಮತ್ತೆ ತೆಗೆಯಲು ದಿನವೇ ಉಳಿಯುವುದಿಲ್ಲ.

14ನೇ ಸೀನ್ ತೆಗೆದ ಮಾರನೇ ಬೆಳಿಗ್ಗೆ ಬೆರಳಿನ ಶಾಟ್ ಬಾಕಿ ಇತ್ತು. ಬಚ್ಚಲಿಗೆ ಹೋಗಿ ನೋಡಿದರೆ ಹಂಡೆ ಫಳಫಳ! ಮನೆಯ ಅಜ್ಜಿ ನಸುಕಿನಲ್ಲೇ ಎದ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ‘ಸಿನಿಮಾದಲ್ಲಿ ಬರ್ತದಲ, ಮಸಿ ಹಿಡಿದಿದ್ದು ತೋರ್ಸಿದ್ರೆ ಮರ್ಯಾದೆ ಎಂತದು?’ ಅವರ ಮಾತೂ ಸರಿಯೇ. ನಾನು ಅಳುವುದೊಂದು ಬಾಕಿ. ಒಲೆಯ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ, ಹಿಂದಿನ ರಾತ್ರಿಯ ಫೋಟೊ ನೋಡಿಕೊಂಡು, ನಾನೂ ನನ್ನ ಅಸಿಸ್ಟೆಂಟೂ ಎರಡು ಗಂಟೆ ಹಂಡೆಗೆ ಮೇಕಪ್ ಮಾಡಿದೆವು. ಆ ಫೋಟೊ ಇರದಿದ್ದರೆ ಕಥೆ ಮುಗಿದಿತ್ತು. ಪ್ರತಿ ಶಾಟ್ ಆದ ಮೇಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯಲು ಒಬ್ಬರನ್ನು ಬೇರೆ ಇಡಿ, ಅವರಿಗೆ ಇನ್ಯಾವ ಕೆಲಸವನ್ನೂ ಕೊಡಬೇಡಿ. ಪ್ರಾಪರ್ಟಿಗೆ ‘ಮುಟ್ಟಬೇಡಿ’ ಚೀಟಿ ಅಂಟಿಸಿ. ಮನೆಯ ಹಿರಿಯರಿಗೆ ಬಾಯಲ್ಲೂ ಹೇಳಿ.

ಎಡಿಟರ್ ಕೈಗೆ ಚಿತ್ರಕಥೆ ಕೊಡಬೇಡಿ

ಕುಂಬಳಕಾಯಿ ಒಡೆದು ಬಂದ ಮೇಲೆ ಹದಿನೈದು ದಿನ ರಶಸ್ (ಶೂಟ್ ಮಾಡಿದ, ಇನ್ನೂ ಎಡಿಟ್ ಆಗದ ತುಣುಕುಗಳು) ನೋಡಲಿಲ್ಲ. ಎಡಿಟರ್ ಆಗಿ ಬಂದವನು ಕಥೆಯನ್ನು ಓದಿರಲೇ ಇಲ್ಲ. ನಾನು ಬೇಕೆಂದೇ ಹಾಗೆ ಮಾಡಿದ್ದು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಒಳ್ಳೆಯ ಎಡಿಟರ್ ಮೊದಲೇ ಓದಬೇಕು ಅನ್ನುವವರೂ ಇದ್ದಾರೆ, ದೊಡ್ಡ ಸಿನಿಮಾಗಳಲ್ಲಿ ಅದೇ ಸರಿ ಇರಬಹುದು. ಬರೆದವರೇ ನಿರ್ದೇಶಿಸಿದ ಚಿಕ್ಕ ಸಿನಿಮಾದಲ್ಲಿ ಮಾತ್ರ, ಕಥೆ ಗೊತ್ತಿಲ್ಲದ ಒಂದು ಜೊತೆ ಕಣ್ಣಾದರೂ ಬೇಕು ಅನ್ನುವುದು ನನ್ನ ಹಠ.

ಮೊದಲ ಜೋಡಣೆ 29 ನಿಮಿಷ ಬಂತು. ಅದರಲ್ಲಿ ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಪಾತ್ರೆ ಹಂಚುವುದನ್ನು ನೋಡುವ ಸೀನ್ ಒಂದಿತ್ತು. ಒಂದೂವರೆ ನಿಮಿಷ, ಮಾತಿಲ್ಲ. ‘ಈ ಆಂಟಿ ಯಾಕೆ ನಿಂತಿದ್ದಾರೆ?’ ಅಂತ ಅವನು ಕೇಳಿದ. ನಾನು ಹತ್ತು ನಿಮಿಷ ವಿವರಿಸಿದೆ. ಅವಳು ತವರಿನಿಂದ ತಂದ ಪಾತ್ರೆಯೂ ಆ ರಾಶಿಯಲ್ಲಿದೆ, ಹೇಳಿಕೊಳ್ಳಲಾರಳು, ಹೀಗೆ. ಅವನು ಪೂರ್ತಿ ಕೇಳಿ, ‘ಇದ್ಯಾವುದೂ ಇಲ್ಲಿ ಇಲ್ವಲ್ಲ ಮೇಡಂ’ ಅಂದು ಸ್ಕ್ರೀನ್ ಕಡೆ ಕೈ ತೋರಿಸಿದ. ನಿಜ, ಇರಲಿಲ್ಲ. ಅದು ನನ್ನ 31 ಪುಟದಲ್ಲಿ, ಬ್ರ್ಯಾಕೆಟ್ಟಿನೊಳಗೆ ಇತ್ತು.

ಹಾಗಾಗಿ ಬ್ರ್ಯಾಕೆಟ್ಟುಗಳನ್ನು ಶೂಟಿಂಗ್‌ಗೆ ಮುಂಚೆಯೇ ಹುಡುಕಿ. ‘(ಮನಸ್ಸಿನಲ್ಲೇ ನೊಂದು)’, ‘(ಹಳೆಯದನ್ನು ನೆನೆದು)’ ಅಂತ ಬರೆದಿರುತ್ತೀರಲ್ಲ, ಅಲ್ಲೆಲ್ಲ ನಟನಿಗೆ ಒಂದು ಕೆಲಸ ಅಥವಾ ಒಂದು ವಸ್ತು ಕೊಡಿ. ಅತ್ತಿಗೆ ಬಂದು ಆ ರಾಶಿಯಿಂದ ಒಂದು ಲೋಟ ಎತ್ತಿ, ಅಡಿಯಲ್ಲಿ ಕೆತ್ತಿದ ಹೆಸರು ನೋಡಿ, ಮತ್ತೆ ಇಟ್ಟಿದ್ದರೆ ಸಾಕಿತ್ತು. ಐದು ಸೆಕೆಂಡ್. ಶೂಟಿಂಗ್ ಮುಗಿದು ಎರಡು ತಿಂಗಳಾದ ಮೇಲೆ, ಎಡಿಟಿಂಗ್ ರೂಮಿನಲ್ಲಿ ಕೂತು ನನಗೆ ಅದು ಹೊಳೆಯಿತು.

ಆ ಸೀನ್ ತೆಗೆಸಿದೆ. ಅತ್ತಿಗೆಯ ಪಾತ್ರ ಮಾಡಿದವರಿಗೆ ಫೋನ್ ಮಾಡಿ ನಾನೇ ಹೇಳಿದೆ. ಬೇರೆಯವರಿಂದ ಗೊತ್ತಾಗುವುದು ಸರಿಯಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇರೆ ಸೀನ್‌ನಲ್ಲಿ ಇದ್ದೀನಲ್ವಾ?’ ಅಂತ ಕೇಳಿದರು. ಎರಡರಲ್ಲಿ ಇದ್ದರು. ಒಂದರಲ್ಲಿ ಬೆನ್ನು ಮಾತ್ರ.